ಅಪ್‌ಡೇಟ್: ತಮ್ಮನ ಬೆಟ್ಟಿಂಗ್ ಸಾಲದ ವಿಷಯ

ಬೆಟ್ಟಿಂಗ್ ಚಟಕ್ಕೆ ಬಿದ್ದ ತಮ್ಮನ ಸಾಲ ನಾನೇ ತೀರಿಸಬೇಕಾ ಅಂತ ಕೇಳಿದ್ದೆ ಅಲ್ವಾ? ತೀರಿಸಲಿಲ್ಲ. ಕೈಗೆ ದುಡ್ಡು ಕೊಟ್ಟರೆ, ಕಳೆದದ್ದನ್ನು ವಾಪಸ್ ಗೆಲ್ಲೋಕೆ ಅದನ್ನೂ ಹಾಕುತ್ತಾನೆ ಅಂತ ನೀವು ಹೇಳಿದ್ದು ನಿಜ. ಬದಲಿಗೆ ಪಕ್ಕದಲ್ಲೇ ಕೂತು ಅವನ ಎಲ್ಲಾ ಬೆಟ್ಟಿಂಗ್ ಖಾತೆಗಳಲ್ಲಿ ಸೆಲ್ಫ್ ಎಕ್ಸ್‌ಕ್ಲೂಷನ್ ಹಾಕಿಸಿದೆ, ಅಂದರೆ ನನ್ನನ್ನು ಆಟಕ್ಕೆ ಬಿಡಬೇಡಿ ಅಂತ ಅವನೇ ಕೇಳಿಕೊಳ್ಳುವುದು. ಕೊನೆಯ ಬಟನ್ ಒತ್ತುವಾಗ ಬೆರಳು ನಡುಗುತ್ತಿತ್ತು, ಪಾಪ.

ಈಗ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದಾನೆ. ಇದು ಸುಮ್ನೆ ಕೆಟ್ಟ ಬುದ್ಧಿ ಅಲ್ಲ, ಮಾನಸಿಕ ಕಾಯಿಲೆಗಳನ್ನು ಗುರುತಿಸೋಕೆ ಡಾಕ್ಟರ್‌ಗಳು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಕುಡಿತ, ಡ್ರಗ್ಸ್ ಚಟಗಳ ಜೊತೆಗೇ ಇದನ್ನೂ ಸೇರಿಸಿದ್ದಾರೆ ಅಂತ ಡಾಕ್ಟರ್ ಹೇಳಿದ ಮೇಲೆ ಅಮ್ಮ ಬೈಯುವುದನ್ನು ನಿಲ್ಲಿಸಿದರು. ಅದೇ ಜಾಸ್ತಿ ಸಹಾಯ ಆಯ್ತು. ಅವನ ಸಂಬಳದ ಖಾತೆ ಸದ್ಯಕ್ಕೆ ಅಕ್ಕ ನೋಡಿಕೊಳ್ಳುತ್ತಾಳೆ. ಸಾಲ ಕೊಟ್ಟವರ ಹತ್ತಿರ ಕಂತಿನ ಮಾತು ನಡೆದಿದೆ.