ಬಳಸಿದ ಮ್ಯಾಕ್ಸಿ ಸ್ಕೂಟರ್: ಬರ್ಗ್‌ಮನ್ 650, ಸಿಲ್ವರ್ ವಿಂಗ್ 600, ಟಿಮ್ಯಾಕ್ಸ್ 530 – ಯಾವುದು ಸೂಕ್ತ?

ಪ್ರಶ್ನೆ
ನಮಸ್ಕಾರ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ದೂರ ಹೋಗುವುದಕ್ಕೆ ಸೆಕೆಂಡ್ ಹ್ಯಾಂಡ್ ಮ್ಯಾಕ್ಸಿ ಸ್ಕೂಟರೊಂದನ್ನು (ದೊಡ್ಡ ಎಂಜಿನ್ನಿನ, ದೊಡ್ಡ ಗಾತ್ರದ ಸ್ಕೂಟರ್) ಹುಡುಕುತ್ತಿದ್ದೇನೆ. ಸುಜುಕಿ ಬರ್ಗ್‌ಮನ್ 650, ಹೋಂಡಾ ಸಿಲ್ವರ್ ವಿಂಗ್ 600 ಮತ್ತು ಯಮಹಾ ಟಿಮ್ಯಾಕ್ಸ್ 530 ಕಣ್ಣಿಗೆ ಬಿದ್ದಿವೆ. ಮೂರೂ ಎರಡು ಸಿಲಿಂಡರಿನವು. ಇವುಗಳಲ್ಲಿ ಅತಿ ಕಡಿಮೆ ಓಡಿರುವುದನ್ನು ಆರಿಸಿದರೆ ಸಾಕೇ? ನನ್ನ ಎತ್ತರ ಸಾಧಾರಣ.

ಉತ್ತರ 1
ಮೊದಲು ತೂಕವನ್ನು ಗಮನಿಸಿ. ಬರ್ಗ್‌ಮನ್ 650 ಇಂಧನ ತುಂಬಿದಾಗ ಸುಮಾರು 275 ಕಿಲೋ ತೂಗಿದರೆ, ಟಿಮ್ಯಾಕ್ಸ್ 530 ಸುಮಾರು 220 ಕಿಲೋ. ವೇಗದಲ್ಲಿ ಈ ಅಂತರ ಅಷ್ಟಾಗಿ ತಿಳಿಯುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ತಳ್ಳುವಾಗ ಚೆನ್ನಾಗಿ ತಿಳಿಯುತ್ತದೆ. ಸೀಟು ಅಗಲವಾಗಿರುವುದರಿಂದ ಕಾಲು ನೆಲಕ್ಕೆ ಎಷ್ಟು ಮುಟ್ಟುತ್ತದೆ ಎಂಬುದನ್ನು ಕುಳಿತೇ ನೋಡಬೇಕು, ಸೀಟಿನ ಎತ್ತರದ ಅಂಕಿಯನ್ನು ನಂಬಿಕೊಳ್ಳಬೇಡಿ. ಹಿಂಬದಿ ಸವಾರರ ಆರಾಮ ಮತ್ತು ಸೀಟಿನಡಿಯ ಜಾಗ ಮುಖ್ಯವಾದರೆ ಬರ್ಗ್‌ಮನ್ ಮತ್ತು ಸಿಲ್ವರ್ ವಿಂಗ್ ಮುಂದಿವೆ. ತಿರುವುಗಳಲ್ಲಿ ಬೈಕಿನಂತೆ ಬಾಗಬೇಕೆಂದರೆ ಟಿಮ್ಯಾಕ್ಸ್‌ಗೆ ಸಾಟಿಯಿಲ್ಲ.

ಉತ್ತರ 2
ಮೇಲಿನ ಮಾತು ಸರಿ, ಆದರೆ ಬಳಸಿದ ಗಾಡಿಯಲ್ಲಿ ನಿಜವಾದ ಖರ್ಚು ಅಡಗಿರುವುದು ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಪ್ರಸರಣ ವ್ಯವಸ್ಥೆಯಲ್ಲಿ. ಸಿಲ್ವರ್ ವಿಂಗ್ ಮತ್ತು ಟಿಮ್ಯಾಕ್ಸ್‌ಗಳಲ್ಲಿರುವುದು ರಬ್ಬರ್ ಬೆಲ್ಟ್ ಮತ್ತು ರೋಲರ್‌ಗಳ ಸಾಮಾನ್ಯ ಸಿವಿಟಿ (ಗೇರ್ ಬದಲಿಸುವ ಅಗತ್ಯವಿಲ್ಲದೆ ತಾನಾಗಿಯೇ ಅನುಪಾತ ಹೊಂದಿಸಿಕೊಳ್ಳುವ ವ್ಯವಸ್ಥೆ). ಬೆಲ್ಟ್, ರೋಲರ್‌ಗಳು ಸವೆಯುವ ಭಾಗಗಳೇ ಆದ್ದರಿಂದ ಕಾಲಕಾಲಕ್ಕೆ ಬದಲಿಸಿದ ದಾಖಲೆಯನ್ನು ಕೇಳಿ, ದಾಖಲೆ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತನಾಡಿ. ಟಿಮ್ಯಾಕ್ಸ್ 530ರಲ್ಲಿ ಹಿಂಚಕ್ರಕ್ಕೆ ಹೋಗುವ ಹಲ್ಲಿನ ಬೆಲ್ಟ್ ಬೇರೆಯೇ ಇದೆ, ಅದನ್ನೂ ನೋಡಬೇಕು. ಬರ್ಗ್‌ಮನ್ 650ರ ಸಿವಿಟಿಯನ್ನು ವಿದ್ಯುನ್ಮಾನ ಘಟಕವೊಂದು ನಿಯಂತ್ರಿಸುತ್ತದೆ. ಅದು ಬಹಳ ನಯವಾದ ವ್ಯವಸ್ಥೆ. ಕೆಟ್ಟರೆ ಮಾತ್ರ ಸಾಧಾರಣ ಗ್ಯಾರೇಜಿನ ಕೈಗೆ ನಿಲುಕುವುದಿಲ್ಲ. ಆದ್ದರಿಂದ ಓಡಿಸಿ ನೋಡುವಾಗ ಪವರ್ ಮೋಡ್ (ಗಾಡಿ ಹೆಚ್ಚು ಚುರುಕಾಗುವ ಸ್ಥಿತಿ) ಮತ್ತು ಕೈಯಾರೆ ಗೇರ್ ಬದಲಿಸುವ ಗುಂಡಿಗಳೆರಡನ್ನೂ ಬಳಸಿ, ಎಚ್ಚರಿಕೆ ದೀಪ ಹೊತ್ತುತ್ತದೆಯೇ, ಹೊರಡುವಾಗ ಗಾಡಿ ನಡುಗುತ್ತದೆಯೇ ಎಂದು ಪರೀಕ್ಷಿಸಿ.

ಪ್ರಶ್ನಿಸಿದವರು
ಧನ್ಯವಾದಗಳು. ನಾನು ನೋಡಿರುವ ಸಿಲ್ವರ್ ವಿಂಗ್ ಬಹಳ ಕಡಿಮೆ ಓಡಿದೆ, ಆದರೆ ಕೆಲವು ವರ್ಷ ನಿಂತೇ ಇತ್ತಂತೆ.

ಉತ್ತರ 2
ಹಾಗಾದರೆ ಹೆಚ್ಚು ಎಚ್ಚರ ಬೇಕು. ನಿಂತ ಗಾಡಿಯಲ್ಲಿ ಟೈರು, ಬೆಲ್ಟ್, ಬ್ರೇಕ್ ದ್ರವ, ರಬ್ಬರ್ ಕೊಳವೆಗಳೆಲ್ಲ ಓಡದೆಯೇ ಹಳತಾಗುತ್ತವೆ. ಟೈರಿನ ಬದಿಯ ನಾಲ್ಕಂಕಿ ಗುರುತಿನಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ: 2316 ಎಂದರೆ 2016ರ ಇಪ್ಪತ್ತಮೂರನೆಯ ವಾರ. ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿ ಇಡಬಾರದೆಂದು ಮಾರುವವರಿಗೆ ಹೇಳಿ. ತಣ್ಣಗಿರುವಾಗ ಅದು ಹೇಗೆ ಚಾಲೂ ಆಗುತ್ತದೆ ಎಂಬುದನ್ನು ನೀವೇ ಕಣ್ಣಾರೆ ನೋಡಬೇಕು. ಚೆನ್ನಾಗಿ ಸರ್ವಿಸ್ ಆದ, ದಿನವೂ ಓಡುತ್ತಿದ್ದ ಬರ್ಗ್‌ಮನ್ ಸಿಕ್ಕಿದರೆ, ಮೀಟರಿನಲ್ಲಿ ಈ ಸಿಲ್ವರ್ ವಿಂಗ್‌ನ ಎರಡರಷ್ಟು ಅಂಕಿಯಿದ್ದರೂ ನಾನು ಬರ್ಗ್‌ಮನ್ನನ್ನೇ ಆರಿಸುತ್ತೇನೆ.

ಉತ್ತರ 3
ಒಂದನ್ನು ಸೇರಿಸುತ್ತೇನೆ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂಚಕ್ರವನ್ನು ನೆಲದಿಂದ ಎತ್ತಿಸಿ, ಹ್ಯಾಂಡಲನ್ನು ನಿಧಾನವಾಗಿ ಎಡಬಲಕ್ಕೆ ತಿರುಗಿಸಿ. ನಡುವಿನಲ್ಲಿ ಸಿಕ್ಕಿಕೊಂಡಂತಾದರೆ ಸ್ಟೀರಿಂಗ್ ಬೇರಿಂಗ್ ಸವೆದಿದೆ ಎಂದರ್ಥ. ಇಷ್ಟು ಭಾರದ ಗಾಡಿಯಲ್ಲಿ ಅದನ್ನು ಬದಲಿಸಲು ಮುಂಭಾಗದ ಫೈಬರ್ ಹೊದಿಕೆಯನ್ನೆಲ್ಲ ಬಿಚ್ಚಬೇಕಾಗುತ್ತದೆ.