ಸ್ಟೆಂಟ್ ಹಾಕಿದ ಮೇಲೆ ಪ್ಲೇಟ್‌ಲೆಟ್ ಫಂಕ್ಷನ್ ಟೆಸ್ಟ್ ಬೇಕೇ? ಅನುಭವವಿದ್ದವರು ತಿಳಿಸಿ

ಸಿಂಧನೂರಿನಿಂದ ಪ್ರಶ್ನೆ: ಹೃದಯಾಘಾತವಾಗಿ ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ. ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಒಂದಕ್ಕೊಂದು ಅಂಟಿಕೊಳ್ಳದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳು ನಡೆಯುತ್ತಿವೆ. ಕೆಲವರಿಗೆ ಕ್ಲೋಪಿಡೋಗ್ರೆಲ್ ನಾಟುವುದಿಲ್ಲ, ಹೈದರಾಬಾದಿಗೆ ಹೋಗಿ ಪ್ಲೇಟ್‌ಲೆಟ್ ಹೇಗೆ ಕೆಲಸ ಮಾಡುತ್ತಿವೆ ಎಂದು ನೋಡುವ ಈ ಪರೀಕ್ಷೆ ಮಾಡಿಸಿ ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ. ಹೋಗಬೇಕೇ?

ರಾಯಚೂರು, ಹೃದ್ರೋಗ ವಿಭಾಗದ ಸಿಬ್ಬಂದಿ: ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಕ್ಲೋಪಿಡೋಗ್ರೆಲ್ ಯಕೃತ್ತಿನಲ್ಲಿ ಮಾರ್ಪಟ್ಟ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಅದನ್ನು ಮಾರ್ಪಡಿಸುವ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವವರು ನಮ್ಮ ದೇಶದಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಪರೀಕ್ಷೆ ನೋಡಿ ಮಾತ್ರೆ ಬದಲಿಸಿದರೆ ಲಾಭವಿದೆಯೇ? ಫ್ರಾನ್ಸಿನಲ್ಲಿ ಸ್ಟೆಂಟ್ ಹಾಕಿಸಿಕೊಂಡ 2,440 ರೋಗಿಗಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ‘ಆರ್ಕ್ಟಿಕ್’ ಹೆಸರಿನ ಅಧ್ಯಯನದಲ್ಲಿ ಹಾಗೆ ಮಾಡಿದ್ದರಿಂದ ತೊಂದರೆಗಳು ಕಡಿಮೆಯಾಗಲಿಲ್ಲ. ಅದಕ್ಕೇ ಎಲ್ಲರಿಗೂ ಇದನ್ನು ಬರೆಯುವುದಿಲ್ಲ. ಮಾತ್ರೆ ತಪ್ಪದೆ ನುಂಗುತ್ತಿದ್ದರೂ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ, ಇಲ್ಲವೇ ಬೈಪಾಸ್‌ಗೆ ಮುನ್ನ ಔಷಧದ ಪ್ರಭಾವ ಇಳಿದಿದೆಯೇ ಎಂದು ತಿಳಿಯಬೇಕಾದರೆ ಪರೀಕ್ಷೆ ನೆರವಾಗುತ್ತದೆ. ನನ್ನ ಆತಂಕ ಬೇರೆಯದು: ಆರಾಮಾದೆ ಎಂದುಕೊಂಡು ಮಾತ್ರೆಯನ್ನೇ ಬಿಟ್ಟು ತುರ್ತು ವಿಭಾಗಕ್ಕೆ ಬರುವವರನ್ನು ನೋಡುತ್ತಲೇ ಇದ್ದೇನೆ. ಹಲ್ಲು ಕೀಳಿಸಲಿಕ್ಕೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಲಿಂಗಸುಗೂರು, ಒಬ್ಬ ತಾಯಿ: ತಮ್ಮಾ, ನಿಮ್ಮ ತಂದೆಗೆ ಬೇಡವಾದರೂ ಈ ಪರೀಕ್ಷೆ ವ್ಯರ್ಥವೆಂದು ಯಾರೂ ತಿಳಿಯಬಾರದು. ನನ್ನ ಮಗಳಿಗೆ ಮೂಗಿನಲ್ಲಿ ರಕ್ತ ಸುರಿಯುತ್ತಿತ್ತು, ಮೈಮೇಲೆ ನೀಲಿ ಕಲೆಗಳು. ಡೆಂಗಿಯಲ್ಲಿ ನೋಡುವಂತೆ ಪ್ಲೇಟ್‌ಲೆಟ್ ಎಣಿಸಿದರು. ಪ್ರತಿ ಸಲವೂ ಸಂಖ್ಯೆ ಸರಿಯಾಗಿಯೇ ಇತ್ತು. ಕೊನೆಗೆ ಹೈದರಾಬಾದಿನಲ್ಲಿ ಪ್ಲೇಟ್‌ಲೆಟ್ ಅಂಟಿಕೊಳ್ಳುವ ಪರೀಕ್ಷೆ ಮಾಡಿದರು. ರಾಸಾಯನಿಕಗಳನ್ನು ಒಂದೊಂದಾಗಿ ಬೆರೆಸಿದರೂ, ಪ್ಲೇಟ್‌ಲೆಟ್ ಅಂಟಿಕೊಂಡರೆ ಏಳಬೇಕಾದ ಗ್ರಾಫಿನ ಗೆರೆ ಮೇಲೇಳಲಿಲ್ಲ, ರಿಸ್ಟೋಸೆಟಿನ್ ಎಂಬ ರಾಸಾಯನಿಕ ಹಾಕಿದಾಗ ಮಾತ್ರ ಎದ್ದಿತು. ಗ್ಲಾನ್ಸ್‌ಮನ್ ಕಾಯಿಲೆ, ಅಂದರೆ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟದ ಹುಟ್ಟು ಕಾಯಿಲೆ ಎಂದರು. ನಾನು ಸೋದರಮಾವನನ್ನೇ ಮದುವೆಯಾದವಳು. ರಕ್ತಸಂಬಂಧದ ಮದುವೆಗಳಲ್ಲಿ ಈ ಕಾಯಿಲೆ ಹೆಚ್ಚು ಕಾಣುತ್ತದಂತೆ. ರಕ್ತವನ್ನು ಇಲ್ಲಿಂದ ಐಸ್ ಪೆಟ್ಟಿಗೆಯಲ್ಲಿ ಕಳಿಸಲು ಬರುವುದಿಲ್ಲ. ತಣ್ಣಗಾಗಬಾರದು, ತೆಗೆದ ನಾಲ್ಕು ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು. ಮಗುವನ್ನೇ ಕರೆದೊಯ್ಯಿರಿ. ನೋವಿನ ಮಾತ್ರೆ ನುಂಗಿದ್ದರೆ ಫಲಿತಾಂಶ ಕೆಡುತ್ತದೆ, ಮೊದಲೇ ತಿಳಿಸಿ.

ಮಾನ್ವಿ, ಔಷಧ ಅಂಗಡಿ: ಸಿಂಧನೂರಿನವರೇ, ಹೈದರಾಬಾದಿನ ಬಸ್ ಹತ್ತುವ ಮೊದಲು ಅಪ್ಪನ ಚೀಟಿಯಲ್ಲಿ ಗ್ಯಾಸ್ಟ್ರಿಕ್‌ಗೆ ಯಾವ ಮಾತ್ರೆ ಇದೆ ನೋಡಿ. ಒಮೆಪ್ರಜೋಲ್ ಇದ್ದರೆ ಅದು ಕ್ಲೋಪಿಡೋಗ್ರೆಲ್‌ನ ಬಲ ಕುಗ್ಗಿಸುತ್ತದೆ. ನೀವಾಗಿಯೇ ಬದಲಿಸಬೇಡಿ, ವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ ಬರೆದುಕೊಡುತ್ತಾರೆ.