ರೇಡಿಯೋ ಜಾಹೀರಾತು ಕಿವಿಯಲ್ಲಿ ಉಳಿಯುವುದು ರಾಗದಿಂದಲೋ, ಮಾತಿನಿಂದಲೋ?

ಪ್ರಶ್ನೆ: ಕೇಳುಗ, ದಾವಣಗೆರೆ
ಓದು ಬಾರದ ನನ್ನ ತಾಯಿ ಅಡುಗೆ ಮಾಡುತ್ತ ದಿನವೂ ಚಿತ್ರದುರ್ಗ ಆಕಾಶವಾಣಿ ಕೇಳುತ್ತಾರೆ. ಅಂಗಡಿಯಲ್ಲಿ ಸಾಬೂನು ಕೇಳುವಾಗ ಅದರ ಹೆಸರನ್ನು ಜಾಹೀರಾತಿನ ಧಾಟಿಯಲ್ಲೇ ಹೇಳುತ್ತಾರೆ. ಕಣ್ಣಿಗೆ ಏನನ್ನೂ ತೋರಿಸದ ಮಾಧ್ಯಮವೊಂದು ಇಷ್ಟು ಗಟ್ಟಿಯಾಗಿ ಮನವೊಲಿಸುವುದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಹಳೆಯ ಬರಹಗಾರ, ಚಿತ್ರದುರ್ಗ
ಸ್ಥಳೀಯ ಅಂಗಡಿಗಳಿಗೆ ಕೆಲವು ವರ್ಷ ಜಾಹೀರಾತು ಬರೆದುಕೊಟ್ಟಿದ್ದೇನೆ. ಒಮ್ಮೆ ನಿಮ್ಮೂರಿನ ಬೆಣ್ಣೆದೋಸೆ ಹೋಟೆಲೊಂದಕ್ಕೆ ಬರೆಯುವಾಗ ‘ರುಚಿಕರ’, ‘ಗುಣಮಟ್ಟದ’ ಎಂಬ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, ಕಾದ ಕಾವಲಿಯ ಮೇಲೆ ಹಿಟ್ಟು ಬಿದ್ದಾಗಿನ ‘ಚುಂಯ್’ ಸದ್ದನ್ನು ಮೊದಲ ಮೂರು ಸೆಕೆಂಡು ಹಾಗೆಯೇ ಬಿಟ್ಟೆ. ಏಕೆಂದರೆ ನಾನು ಎಷ್ಟೇ ವರ್ಣಿಸಿದರೂ ಅದು ನನ್ನ ದೋಸೆಯಾಗುತ್ತಿತ್ತು, ಆ ಸದ್ದು ಕೇಳಿದವರಿಗೆ ಮಾತ್ರ ತಾವು ಎಂದೋ ತಿಂದ ದೋಸೆಯೇ ಕಣ್ಣಮುಂದೆ ಬರುತ್ತದೆ. ಗರಿಗರಿ, ಘಮಘಮ, ಥಳಥಳ ಎಂಬ ಅನುಕರಣ ಪದಗಳ ಸಂಪತ್ತು ಕನ್ನಡಕ್ಕಿರುವುದರಿಂದ ಮಾತೇ ಅರ್ಧ ಸದ್ದಿನ ಕೆಲಸ ಮಾಡುತ್ತದೆ. ಮೂವತ್ತು ಸೆಕೆಂಡಿನಲ್ಲಿ ಅಂಗಡಿಯ ಹೆಸರು ಮೂರು ಸಲವಾದರೂ ಬರಬೇಕು, ಕೊನೆಯ ಸಲ ‘ಮಂಡಿಪೇಟೆ’ಯಂಥ ಜಾಗದ ಗುರುತಿನೊಡನೆ, ಏಕೆಂದರೆ ರೇಡಿಯೋ ಕೇಳುವವರು ಪುಟ ಹಿಂದಕ್ಕೆ ತಿರುವಲಾರರು. ‘ಗ್ರಾಹಕರು’ ಎಂದರೆ ಯಾರೋ. ‘ನಿಮ್ಮ ಮಗಳ ಮದುವೆಗೆ’ ಎಂದರೆ ಕೈ ಕೆಲಸ ಬಿಟ್ಟು ಕಿವಿಗೊಡುತ್ತಾರೆ.

ಉತ್ತರ: ಅಧ್ಯಾಪಕಿ, ದಾವಣಗೆರೆ
ನನ್ನ ಓಟು ರಾಗಕ್ಕೆ. 1922ರಲ್ಲಿ ನ್ಯೂಯಾರ್ಕಿನ ಡಬ್ಲ್ಯುಇಎಎಫ್ ಕೇಂದ್ರದಿಂದ ಮನೆಗಳ ಮಾರಾಟಕ್ಕಾಗಿ ಪ್ರಸಾರವಾದ ಆರಂಭದ ಜಾಹೀರಾತು ಹತ್ತು ನಿಮಿಷಗಳ ಭಾಷಣದಂತಿತ್ತು. 1926ರ ಡಿಸೆಂಬರಿನಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ರೇಡಿಯೋದಲ್ಲಿ ನಾಲ್ವರು ಗಾಯಕರು ವೀಟೀಸ್ ಎಂಬ ಗೋಧಿ ತಿಂಡಿಯ ಹೆಸರನ್ನು ಹಾಡಿದರು. ಮುಂದೆ ಆ ತಿಂಡಿಯನ್ನೇ ನಿಲ್ಲಿಸುವ ಯೋಚನೆ ಬಂದಾಗ ಲೆಕ್ಕ ನೋಡಿದರೆ, ಮಾರಾಟದ ಅರ್ಧಕ್ಕಿಂತ ಹೆಚ್ಚು ಪಾಲು ಹಾಡು ಕೇಳಿಸುತ್ತಿದ್ದ ಆ ಸೀಮೆಯಲ್ಲೇ ಆಗಿತ್ತು! ನಮ್ಮಲ್ಲಿ ವಿವಿಧ ಭಾರತಿಯ ಜಾಹೀರಾತು ಸೇವೆ 1967ರಲ್ಲಿ ಶುರುವಾಯಿತು. ಬೀಸುವ ಪದಗಳನ್ನು ಅಕ್ಷರದ ನೆರವಿಲ್ಲದೆ ತಲೆಮಾರುಗಟ್ಟಲೆ ಕಾಪಾಡಿದವರು ನಮ್ಮ ಹೆಂಗಸರೇ ಅಲ್ಲವೇ? ಪ್ರಾಸ ಮತ್ತು ಧಾಟಿ ಸೇರಿದರೆ ಒಂದು ಮಾತು ಇನ್ನೊಂದನ್ನು ತಾನಾಗಿಯೇ ಎಳೆದು ತರುತ್ತದೆ, ನಿಮ್ಮ ತಾಯಿಯವರಲ್ಲಿ ಆಗುತ್ತಿರುವುದು ಇದೇ.

ಉತ್ತರ: ಧ್ವನಿಮುದ್ರಕ, ಹರಿಹರ
ಒಂದು ಎಚ್ಚರಿಕೆ ಸೇರಿಸುತ್ತೇನೆ. ಜಾಹೀರಾತು ಬಂದೊಡನೆ ರೇಡಿಯೋ ಜೋರಾದಂತೆ ಕೇಳಿಸುವುದು ಭ್ರಮೆಯಲ್ಲ. ಮೆಲುದನಿಯ ಭಾಗಗಳನ್ನು ಮೇಲೆತ್ತಿ, ಏರುದನಿಯನ್ನು ಒತ್ತಿ ಹಿಡಿದಾಗ, ಗರಿಷ್ಠ ಮಟ್ಟ ಹೆಚ್ಚದಿದ್ದರೂ ಸರಾಸರಿ ಸದ್ದು ಹೆಚ್ಚುತ್ತದೆ. ಲಾಭದ ಮಾತನ್ನು ನಿಧಾನವಾಗಿ ಹೇಳಿ, ಷರತ್ತಿನ ಮಾತನ್ನು ಉಸಿರು ಬಿಡದೆ ಓಡಿಸುವುದು ಓದು ಬಾರದ ಕೇಳುಗರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅವರು ಆಮೇಲೆ ಕಾಗದ ತೆಗೆದು ಓದಿ ನೋಡಲಾರರು.

ಕೇಳುಗ, ದಾವಣಗೆರೆ
ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ತಾಯಿಯನ್ನು, ರಾಗವಿಲ್ಲದೆ ಆ ಸಾಬೂನಿನ ಹೆಸರು ಹೇಳುವಂತೆ ಕೇಳಿದೆ. ಅರೆಕ್ಷಣ ತಡೆದು, ತುಟಿಯೊಳಗೇ ಧಾಟಿಯನ್ನು ಗುನುಗಿಕೊಂಡು, ಆಮೇಲೆ ಹೇಳಿದರು.